ಪುರಾವೆ ಬೇಡದ ತಾಯಿ

ನನಗೆ ಕೊಟ್ಟ ಕೆಲಸವನ್ನು ಒಂದೇ ವಾಕ್ಯದಲ್ಲಿ ಹೇಳಿಬಿಡಬಹುದಿತ್ತು: ಅಮೆರಿಕದ ಒಂದು ರಾಜ್ಯದ ಕಾರ್ಮಿಕ ಪರಿಹಾರ ನಿಯಮಗಳನ್ನು ಇನ್ನೊಂದು ರಾಜ್ಯಕ್ಕೆ ಹೊಂದಿಸಬೇಕು. ಹೇಳುವುದಕ್ಕೆ ಒಂದು ಉಸಿರು, ಮಾಡುವುದಕ್ಕೆ ಹನ್ನೊಂದು ತಿಂಗಳು. ಆ ಹನ್ನೊಂದು ತಿಂಗಳೂ ನಾನು ಆ ಎರಡು ರಾಜ್ಯಗಳ ಒಂದು ಹಿಡಿ ಮಣ್ಣನ್ನೂ ನೋಡಲಿಲ್ಲ. ಕೂತಿದ್ದು ಚೆನ್ನೈನ ಪೆರುಂಗುಡಿಯಲ್ಲಿ, ಗಾಜಿನ ಕಟ್ಟಡದ ಮೂರನೇ ಮಹಡಿಯಲ್ಲಿ, ಎಸಿ ಗಾಳಿ ನೇರವಾಗಿ ನೆತ್ತಿಗೆ ಬೀಳುವ ಮೂಲೆಯಲ್ಲಿ.

ಅದು 2004. ತುಮಕೂರಿನ ವಿಮಾ ಕಚೇರಿಯಲ್ಲಿ ಇಪ್ಪತ್ತೆರಡು ವರ್ಷ ಇದೇ ಕಾರ್ಮಿಕ ಪರಿಹಾರದ ಫೈಲು ನೋಡಿ ಸ್ವಯಂ ನಿವೃತ್ತಿ ತೆಗೆದುಕೊಂಡಿದ್ದೆ. ಮದುವೆಯ ಗೋಜಿಗೆ ಹೋದವಳಲ್ಲ. ಅಮ್ಮ ತೀರಿಕೊಂಡ ಮೇಲೆ ಊರಿನಲ್ಲಿ ಹಿಡಿದು ನಿಲ್ಲಿಸುವವರೂ ಇರಲಿಲ್ಲ. ವಿಮೆ ಗೊತ್ತಿರುವವರು ಬೇಕೆಂದು ಒಂದು ಸಾಫ್ಟ್‌ವೇರ್ ಕಂಪನಿ ಕರೆದಾಗ ಎರಡು ಸೂಟ್‌ಕೇಸು, ಒಂದು ಕುಕ್ಕರು ಹಿಡಿದುಕೊಂಡು ಹೊರಟುಬಿಟ್ಟೆ. ನಲವತ್ತೆಂಟನೇ ವಯಸ್ಸಿನಲ್ಲಿ ನನಗೆ ‘ಡೊಮೈನ್ ಎಕ್ಸ್‌ಪರ್ಟ್’, ಅಂದರೆ ವಿಷಯ ಪರಿಣತೆ, ಎಂಬ ಬಿರುದು ಸಿಕ್ಕಿತು. ಕಂಪ್ಯೂಟರ್ ಆರಿಸುವುದು ಹೇಗೆಂದು ಮೊದಲ ದಿನ ಕೇಳಿದವಳಿಗೆ ಅಂಥ ಬಿರುದು.

ಆ ರಾಜ್ಯಗಳ ಹೆಸರು ಹೇಳುವಂತಿಲ್ಲ, ಸಹಿ ಹಾಕಿಕೊಟ್ಟಿದ್ದೇನೆ. ಹೇಗೂ ನಾವು ಯಾರೂ ಆ ಹೆಸರುಗಳನ್ನು ಬಳಸುತ್ತಿರಲಿಲ್ಲ. ನಿಯಮಗಳನ್ನು ಕಂಪ್ಯೂಟರಿಗೆ ಅಳವಡಿಸುವ ಪ್ರೋಗ್ರಾಮರ್ ಹುಡುಗಿ ಸೇಲಂ ಕಡೆಯವಳು. ಎರಡು ಕಾನೂನು ಪುಸ್ತಕವನ್ನೂ ತಿರುವಿ ಹಾಕಿ, ‘ಒಂದು ಅಕ್ಕಾ, ಇನ್ನೊಂದು ತಂಗಚ್ಚಿ ಮೇಡಂ. ಮುಖ ಒಂದೇ, ಗುಣ ಬೇರೆ’ ಎಂದಿದ್ದಳು. ಅಲ್ಲಿಂದ ಅವು ಅಕ್ಕ ಮತ್ತು ತಂಗಿ ಆದವು. ಅಕ್ಕನ ನಿಯಮಗಳು ಆಗಲೇ ಯಂತ್ರದಲ್ಲಿ ಓಡುತ್ತಿದ್ದವು. ತಂಗಿಯ ರಾಜ್ಯಕ್ಕೂ ವ್ಯಾಪಾರ ಚಾಚುತ್ತಿದ್ದ ಅಲ್ಲಿನ ವಿಮಾ ಕಂಪನಿಯೊಂದು ನಮಗೆ ಕೆಲಸ ವಹಿಸಿತ್ತು.

ಕೆಲಸದ ಕ್ರಮ ಹೀಗಿತ್ತು. ಅಕ್ಕನ ನಾನೂರು ಚಿಲ್ಲರೆ ನಿಯಮಗಳನ್ನು ಒಂದು ದೊಡ್ಡ ಹಾಳೆಯಲ್ಲಿ ಸಾಲುಸಾಲಾಗಿ ಬರೆದಿದ್ದರು: ಷರತ್ತು ಏನು, ಫಲಿತ ಏನು, ಕಾನೂನಿನ ಯಾವ ಕಲಮು, ಪರೀಕ್ಷೆಗೆ ಒಂದು ಉದಾಹರಣೆ. ನಾನು ತಂಗಿಯ ಕಾನೂನು ಓದಿ ಪ್ರತಿ ಸಾಲಿನ ಮುಂದೆ ‘ಇದ್ದ ಹಾಗೆ’, ‘ತಿದ್ದು’, ‘ಬಿಡು’ ಈ ಮೂರರಲ್ಲಿ ಒಂದನ್ನು ಹಾಕಿ ಮೊದಲಕ್ಷರದ ಸಹಿ ಮಾಡಬೇಕು. ಗಾಯವಾದ ಮೇಲೆ ಎಷ್ಟು ದಿನ ಕೆಲಸ ತಪ್ಪಿದರೆ ಭತ್ಯೆ ಶುರು? ಅಕ್ಕನಲ್ಲಿ ಏಳು, ತಂಗಿಯಲ್ಲಿ ಮೂರು. ಯಾವ ಡಾಕ್ಟರ ಹತ್ತಿರ ಹೋಗಬೇಕು? ಅಕ್ಕನಲ್ಲಿ ಮಾಲೀಕ ಹೇಳಿದವರು, ತಂಗಿಯಲ್ಲಿ ಗಾಯಾಳುವಿನ ಇಷ್ಟ. ಬೆರಳು ತುಂಡಾದರೆ ಎಷ್ಟು ವಾರದ ಪರಿಹಾರ ಎಂಬ ಪಟ್ಟಿಯೇ ಎರಡು ಪುಟ ಇತ್ತು. ಅವರಿಗೆ ಹೆಬ್ಬೆರಳು ಬೆರಳುಗಳ ಲೆಕ್ಕಕ್ಕೇ ಇಲ್ಲ, ಅದಕ್ಕೆ ಬೇರೆ ಸಾಲು. ಅದು ತಿಳಿಯದೆ ಒಂದು ವಾರದ ಕೆಲಸ ನೀರುಪಾಲಾಯಿತು. ನಾನೂ ಸೇಲಂ ಹುಡುಗಿಯೂ ಅಂಗೈ ಚಾಚಿಕೊಂಡು ಕೂತು ಮತ್ತೆ ಮೊದಲಿಂದ ಎಣಿಸಿದೆವು.

ಅವಳೊಬ್ಬಳು ಬಿಟ್ಟರೆ ಮಾತಿಗೆ ಜನ ಇರಲಿಲ್ಲ. ತಂಡದ ಹುಡುಗರು ಮರ್ಯಾದಸ್ಥರೇ. ನಾನು ಬಂದರೆ ತಮಿಳು ನಿಲ್ಲಿಸಿ ಇಂಗ್ಲಿಷಿಗೆ ಹೊರಳುತ್ತಿದ್ದರು. ಇಂಗ್ಲಿಷಿಗೆ ಹೊರಳಿದ ಕೂಡಲೇ ನಗು ನಿಲ್ಲುತ್ತಿತ್ತು. ಅವರ ನಗು ಕೆಡಿಸುವುದು ಬೇಡವೆಂದು ನಾನು ಊಟಕ್ಕೆ ಅರ್ಧ ಗಂಟೆ ತಡವಾಗಿ ಹೋಗಲು ಶುರು ಮಾಡಿದೆ. ಹನ್ನೊಂದು ತಿಂಗಳಲ್ಲಿ ನಾನು ಅತಿ ಹೆಚ್ಚು ಮಾತಾಡಿದ್ದು ಬಹುಶಃ ಆ ಕಾನೂನು ಪುಸ್ತಕದ ಜೊತೆಗೇ.

ಸಂಜೆ ಕಂಪನಿ ಬಸ್ಸಿನಲ್ಲಿ ಸೆಂಟ್ರಲ್‌ವರೆಗೆ ಬಂದು, ಅಲ್ಲಿಂದ ಲೋಕಲ್ ರೈಲಿನಲ್ಲಿ ಪೆರಂಬೂರು. ಅಲ್ಲಿ ಮೂರು ತಲೆಮಾರಿನಿಂದ ರೈಲ್ವೆಯಲ್ಲಿರುವ ಒಂದು ಕನ್ನಡದ ಮನೆಯ ಮಹಡಿ ಕೋಣೆ ನನ್ನದು. ಕನ್ನಡದ ಮನೆ ಎಂದು ಸಂತೋಷದಿಂದ ಹೋಗಿದ್ದೆ. ಮೊಮ್ಮಕ್ಕಳು ನಾನು ಕನ್ನಡದಲ್ಲಿ ಕೇಳಿದ್ದಕ್ಕೆಲ್ಲ ತಮಿಳಿನಲ್ಲಿ ಉತ್ತರ ಕೊಟ್ಟು ಓಡುತ್ತಿದ್ದವು. ಮನೆಯ ಯಜಮಾನಿ, ಎಪ್ಪತ್ತು ದಾಟಿದ ವಿಧವೆ ಅಜ್ಜಿ, ಮೆಟ್ಟಿಲ ಬುಡದಲ್ಲಿ ಕೂತು ‘ಸಾಪ್ಪಾಡು ಆಯ್ತಾ ಮಾ?’ ಎನ್ನುವರು. ಊಟ ಆಯ್ತು ಎಂದರೆ ಆ ದಿನದ ಕನ್ನಡ ಅಲ್ಲಿಗೆ ಮುಗಿಯಿತು.

ಐದನೇ ತಿಂಗಳಿನಲ್ಲಿ ಮರಣದ ಅಧ್ಯಾಯ ಕೈಗೆ ಬಂತು. ಕೆಲಸದಲ್ಲಿ ಸತ್ತವನ ಅವಲಂಬಿತರು ಯಾರು ಎಂಬ ಸಾಲುಗಳು. ಈ ವಿಷಯ ನನಗೆ ನಿದ್ದೆಯಲ್ಲಿ ಎಬ್ಬಿಸಿ ಕೇಳಿದರೂ ಬರುತ್ತಿತ್ತು. ಹೆಂಡತಿ, ಅಪ್ರಾಪ್ತ ಮಗ, ಮದುವೆಯಾಗದ ಮಗಳು, ವಿಧವೆ ತಾಯಿ. ಇವರು ಯಾವ ಪುರಾವೆಯನ್ನೂ ಕೊಡಬೇಕಿಲ್ಲ, ಸಂಬಂಧವೇ ಸಾಕು. ಹಾಗೆಂದು ಸಾಲು ಬರೆದೆ. ಅಕ್ಕನ ಹಾಳೆಯಲ್ಲಿಯೂ ಹೆಂಡತಿ ಮಕ್ಕಳು ಇದ್ದದ್ದರಿಂದ ಮುಂದೆ ‘ಇದ್ದ ಹಾಗೆ’ ಎಂದು ಹಾಕಿ, ಸಹಿ ಮಾಡಿ, ಮುಂದಿನ ಸಾಲಿಗೆ ಹೋದೆ.

ವಾರದ ಪರಿಶೀಲನೆಯಲ್ಲಿ ಐದು ಜನ ಕೂತು ಪ್ರತಿ ಸಾಲನ್ನೂ ಗಟ್ಟಿಯಾಗಿ ಓದುತ್ತಿದ್ದೆವು. ಡಾಕ್ಟರ ಆಯ್ಕೆಯ ಸಾಲಿಗೆ ಮುಕ್ಕಾಲು ಗಂಟೆ ಜಗಳವಾಡಿದ ಅದೇ ಐದು ಜನ ಈ ಸಾಲಿಗೆ ತಲೆ ಆಡಿಸಿದರು. ನಾಲ್ವರು ತಮಿಳರು, ಒಬ್ಬಳು ಕನ್ನಡದವಳು. ಹೆತ್ತ ತಾಯಿ, ಅದೂ ವಿಧವೆ, ಮಗನನ್ನು ನೆಚ್ಚಿಕೊಂಡಿದ್ದಳು ಎಂಬುದಕ್ಕೆ ಕಾಗದ ಕೇಳುವುದುಂಟೆ? ಆ ಪ್ರಶ್ನೆ ನಮ್ಮಲ್ಲಿ ಒಬ್ಬರಿಗೂ ಹುಟ್ಟಲಿಲ್ಲ. ಅಮೆರಿಕದ ಕಂಪನಿಯವರು ‘ತಿದ್ದು’ ಎಂದಿದ್ದ ಸಾಲುಗಳನ್ನು ಮಾತ್ರ ನೋಡುತ್ತಿದ್ದರು. ‘ಇದ್ದ ಹಾಗೆ’ ಎಂದ ಸಾಲನ್ನು ಯಾರು ತಾನೇ ನೋಡುತ್ತಾರೆ?

ಒಂಬತ್ತನೇ ತಿಂಗಳಿಗೆ ತಂಗಿಯ ರಾಜ್ಯದ ಒಂದು ಕಚೇರಿಯಲ್ಲಿ ನಮ್ಮ ಯಂತ್ರವನ್ನು ನಿಜವಾದ ಫೈಲುಗಳ ಮೇಲೆ ಓಡಿಸಲು ಶುರು ಮಾಡಿದ್ದರು. ವಿಧವೆ ಮರುಮದುವೆಯಾದರೆ ಏನು ಎಂಬ ನಿಯಮಕ್ಕೆ ಉದಾಹರಣೆ ಹುಡುಕುತ್ತ ಒಂದು ಗುರುವಾರ ನಾನು ಆ ಫೈಲುಗಳನ್ನು ಜಾಲಾಡುತ್ತಿದ್ದೆ. ಆಗ ಒಂದು ಮರಣದ ಫೈಲು ಸಿಕ್ಕಿತು. ಶೀತಲ ಗೋದಾಮಿನಲ್ಲಿ ಸರಕು ಏರಿಸುವ ಕಟ್ಟೆಯಿಂದ ಬಿದ್ದು ಸತ್ತವನು, ಇಪ್ಪತ್ತೊಂಬತ್ತು ವರ್ಷ, ಅವಿವಾಹಿತ. ಹಕ್ಕುದಾರಳು ತಾಯಿ, ವಿಧವೆ. ಬಿದ್ದದ್ದರಿಂದ ಸತ್ತನೋ, ಹೃದಯ ನಿಂತು ಬಿದ್ದನೋ ಎಂಬ ವರದಿ ಬರಬೇಕಾದ್ದರಿಂದ ಪರಿಹಾರ ಇನ್ನೂ ಶುರುವಾಗಿರಲಿಲ್ಲ. ಅವಳಿಗೆ ನಮ್ಮ ಯಂತ್ರ ತಾನಾಗಿಯೇ ಒಂದು ಕಾಗದ ಕಳಿಸಿತ್ತು: ‘ನೀವು ಪೂರ್ಣ ಅವಲಂಬಿತರು. ನಿಮ್ಮಿಂದ ಇನ್ನಾವ ದಾಖಲೆಯೂ ಬೇಕಿಲ್ಲ.’

ಸುಳ್ಳು ಹೇಳುವುದಿಲ್ಲ, ಮೊದಲು ಹೆಮ್ಮೆಯಾಯಿತು. ಏಳು ಸಮುದ್ರದಾಚೆ ಒಬ್ಬ ತಾಯಿಗೆ ನನ್ನ ಸಾಲು ಅನ್ನ ಹಾಕಲಿದೆ ಎನಿಸಿತು. ಟಿಪ್ಪಣಿಗೆ ಬೇಕೆಂದು ಕಲಮಿನ ಸಂಖ್ಯೆ ನೋಡಲು ತಂಗಿಯ ಪುಸ್ತಕ ತೆಗೆದೆ. ಆ ಕಲಮಿನಲ್ಲಿ ಹೆಂಡತಿ ಇದ್ದಳು, ಗಂಡನಿದ್ದ, ಮಕ್ಕಳಿದ್ದರು. ತಾಯಿ ಇರಲಿಲ್ಲ. ಮೇಲೆ ಕೆಳಗೆ ಹುಡುಕಿದೆ. ತಾಯಿ ಇದ್ದದ್ದು ಎರಡು ಪುಟ ಆಚೆ: ತಂದೆ ತಾಯಿ ಮತ್ತಿತರರು ಮೃತನ ದುಡಿಮೆಯಿಂದ ಬದುಕುತ್ತಿದ್ದರೆಂದು ದಾಖಲೆ ಸಮೇತ ತೋರಿಸಬೇಕು, ಸಾವಿನಿಂದ ಒಂದು ವರ್ಷದೊಳಗೆ, ತಪ್ಪಿದರೆ ಹಕ್ಕು ಹೋಗುತ್ತದೆ. ಅಕ್ಕನ ಪುಸ್ತಕ ತೆಗೆದೆ. ಅಲ್ಲಿಯೂ ಹಾಗೇ.

ಹಾಗಾದರೆ ಈ ವಿಧವೆ ತಾಯಿ ಎಲ್ಲಿಂದ ಬಂದಳು? ತುಮಕೂರಿನಿಂದ ಬಂದಳು. ಅಕ್ಕನದೂ ಅಲ್ಲ, ತಂಗಿಯದೂ ಅಲ್ಲ, ನಮ್ಮ ದೇಶದ ಕಾಯ್ದೆಯ ಸಾಲನ್ನು ಇಪ್ಪತ್ತೆರಡು ವರ್ಷದ ರೂಢಿಯ ಬೆರಳುಗಳು ಅಮೆರಿಕದ ಹಾಳೆಯಲ್ಲಿ ಟೈಪು ಮಾಡಿ ಮುಗಿಸಿದ್ದವು. ‘ಮದುವೆಯಾಗದ ಮಗಳು’ ಕೂಡ ಅಲ್ಲಿಂದಲೇ ಬಂದಿದ್ದಳು.

ಸತ್ತ ದಿನ ನೋಡಿದೆ. ವರ್ಷ ತುಂಬಲು ಹತ್ತೊಂಬತ್ತು ದಿನ ಉಳಿದಿತ್ತು. ದಾಖಲೆ ಕೇಳುವ ಅರ್ಜಿಯನ್ನು ಕಳಿಸಬೇಕಾದ ಯಂತ್ರವೇ ಏನೂ ಬೇಡ ಎಂದು ಬರೆದಿದೆ. ಅವಳು ನಂಬಿಕೊಂಡು ಕೂತಿರುತ್ತಾಳೆ. ನನ್ನ ಧಾರಾಳವೇ ಅವಳ ಹಕ್ಕಿಗೆ ಮುಳುವಾಗಿತ್ತು.

ಶುಕ್ರವಾರ ಬೆಳಿಗ್ಗೆಯೇ ಪ್ರಾಜೆಕ್ಟ್ ಮ್ಯಾನೇಜರನ ಕೋಣೆಗೆ ಹೋದೆ. ಮೂವತ್ತೆರಡರ ಹುಡುಗ, ಕೆಟ್ಟವನಲ್ಲ. ನನಗೆ ಜ್ವರ ಬಂದಾಗ ತನ್ನ ಮನೆಯಿಂದ ರಸಂ ತಂದುಕೊಟ್ಟವನು. ಪೂರ್ತಿ ಕೇಳಿದ. ಕನ್ನಡಕ ತೆಗೆದು ಮೇಜಿನ ಮೇಲಿಟ್ಟ.

‘ಮೇಡಂ, ಅವರು ಕೆಲಸ ಒಪ್ಪಿ ಸಹಿ ಹಾಕೋ ಸೈನ್-ಆಫ್ ಇನ್ನು ಇಪ್ಪತ್ನಾಲ್ಕು ದಿನಕ್ಕೆ. ಅದಾದ ಮೇಲೆ ರೂಲ್ ಸರಿ ಮಾಡೋಣ. ಯಾರಿಗೂ ಗೊತ್ತಾಗಲ್ಲ.’

‘ಅವಳಿಗೆ ಹತ್ತೊಂಬತ್ತೇ ದಿನ ಇರೋದು. ಇವತ್ತಿಗೆ ಹದಿನೆಂಟು.’

‘ಅವರ ಕಂಪನಿಯೇ ಲೆಟರ್ ಕೊಟ್ಟಿದೆಯಲ್ಲ, ಏನೂ ಬೇಡ ಅಂತ. ಆಮೇಲೆ ಆಕೆಯನ್ನ ತಪ್ಪಿತಸ್ಥೆ ಮಾಡೋಕೆ ಆಗುತ್ತಾ?’

‘ಆಗುತ್ತೆ’ ಎಂದೆ. ‘ನಾನೇ ಮಾಡಿದ್ದೇನೆ.’

ನಾನು ಹೇಳಿದೆ. ತುಮಕೂರಿನಲ್ಲಿ ಒಬ್ಬ ಹಮಾಲಿಗೆ ನಮ್ಮದೇ ಕಚೇರಿಯ ಗುಮಾಸ್ತ, ನಾವು ಕರೆಯುತ್ತೇವೆ, ಅಲ್ಲಿವರೆಗೆ ಅರ್ಜಿ ಹಾಕಬೇಡ ಎಂದಿದ್ದ. ಎರಡು ವರ್ಷದ ಗಡುವು ಮೀರಿದ ಮೇಲೆ ಅವನು ಅರ್ಜಿ ಹಾಕಿದಾಗ ‘ಅವಧಿ ಮೀರಿದೆ’ ಎಂದು ಆಕ್ಷೇಪಣೆ ಬರೆದವಳು ನಾನು. ನನ್ನ ಅಕ್ಷರ ಚೆನ್ನಾಗಿದೆ ಎಂದು ಅಂಥವನ್ನೆಲ್ಲ ನನಗೇ ಕೊಡುತ್ತಿದ್ದರು. ಅರ್ಜಿ ಬಿದ್ದುಹೋಯಿತು. ಕಾರಿಡಾರಿನಲ್ಲಿ ಅವನು ನನಗೇ ಕೈ ಮುಗಿದು ಹೋದ, ಬರೆದವಳು ನಾನೆಂದು ಗೊತ್ತಿಲ್ಲದೆ.

‘ನನ್ನ ಹಿಂದೆ ಹನ್ನೊಂದು ಜನ ಇದ್ದಾರೆ ಮೇಡಂ. ಈ ಪ್ರಾಜೆಕ್ಟ್ ಹೋದರೆ ಅವರನ್ನ ಕೆಲಸ ಇಲ್ಲದೆ ಬೆಂಚಿಗೆ ಕೂರಿಸ್ತಾರೆ. ಸ್ವಲ್ಪ ಅಡ್ಜಸ್ಟ್ ಮಾಡಿ’ ಎಂದ. ಅವನು ಹೇಳಿದ್ದರಲ್ಲಿ ಸುಳ್ಳಿರಲಿಲ್ಲ, ಅದೇ ಕಷ್ಟ. ಅತ್ತ ದರಿ, ಇತ್ತ ಪುಲಿ.

ಶನಿವಾರ, ಭಾನುವಾರ ಕೋಣೆಯಲ್ಲೇ ಇದ್ದೆ. ಯಾರನ್ನಾದರೂ ಕೇಳಬೇಕಿತ್ತು, ಯಾರೂ ಇರಲಿಲ್ಲ. ತುಮಕೂರಿನ ಹಳೇ ಸಹೋದ್ಯೋಗಿಗೆ ಎಸ್‌ಟಿಡಿ ಮಾಡಿದರೆ ಮೊಮ್ಮಗನ ನಾಮಕರಣ, ಆಮೇಲೆ ಮಾಡ್ತೀನಿ ಕಣೆ ಎಂದಳು. ಭಾನುವಾರ ಮಧ್ಯಾಹ್ನ ನೀರು ತುಂಬಲು ಕೆಳಗೆ ಬಂದಾಗ ಅಜ್ಜಿ ಮುಖ ನೋಡಿ, ‘ಯಾಕಮ್ಮ ಒಂದು ಮಾದರಿ ಇದ್ದೀಯೆ?’ ಎಂದರು. ತಡೆಯಲಾಗಲಿಲ್ಲ. ಬಕೆಟ್ಟು ಇಟ್ಟು ಮೆಟ್ಟಿಲ ಮೇಲೆ ಕೂತು ಎಲ್ಲ ಹೇಳಿದೆ. ನಾನು ಆ ಮನೆಗೆ ಬಂದು ಒಂಬತ್ತು ತಿಂಗಳಿಗೆ ಅಷ್ಟುದ್ದ ಮಾತಾಡಿದ್ದು ಅದೇ ಮೊದಲು.

ಅಜ್ಜಿಯ ಹಿರಿಯ ಮಗ ಖಾಸಗಿ ಫೌಂಡ್ರಿಯೊಂದರಲ್ಲಿ ಸತ್ತಿದ್ದನೆಂದು ನನಗೆ ಆಗ ತಿಳಿಯಿತು. ‘ಲೇಬರ್ ಆಫೀಸ್‌ನಲ್ಲಿ ನನ್ನ ಒಂದೇ ಕೇಳ್ವಿ ಕೇಳಿದ್ರು. ನೀನು ತಾಯಿ ತಾನೆ? ಆಮಾ ಅಂದೆ. ಬಂದ ದುಡ್ಡಲ್ಲಿ ಸೊಸೆಗೊಂದು ಪಂಗು, ನಂಗೊಂದು ಪಂಗು. ಅಷ್ಟೇ ಮುಗೀತು’ ಎಂದರು. ಆಮೇಲೆ ನನ್ನ ಕಡೆ ತಿರುಗಿ, ‘ಆ ಅಮ್ಮನಿಗೆ ಹೇಳಿದ್ರಾ?’

‘ಇಲ್ಲ ಅಜ್ಜಿ.’

‘ಹೇಳ್ದೆ ಇದ್ರೆ ಅವಳಿಗೆ ಎಪ್ಪಡಿ ತಿಳೀತದೆ?’

ಮೂರು ದಿನದಿಂದ ನಾನು ಕಂಪನಿ, ಹನ್ನೊಂದು ಜನ, ನನ್ನ ಮರ್ಯಾದೆ ಎಲ್ಲವನ್ನೂ ತೂಗಿ ನೋಡಿದ್ದೆ. ಇಷ್ಟು ಸಣ್ಣ ಪ್ರಶ್ನೆಯನ್ನು ಕೇಳಿಕೊಂಡಿರಲಿಲ್ಲ.

ಸೋಮವಾರ ಸಂಜೆ ಆರೂವರೆಗೆ ಅಮೆರಿಕದವರ ಜೊತೆ ವಾರದ ಫೋನ್ ಸಭೆ. ಆ ಕಡೆ ಅವರ ಕ್ಲೇಮು ವಿಭಾಗದ ಮೇಲ್ವಿಚಾರಕಿ, ಗಂಟಲು ಒರಟು, ಮಾತು ಕಡಿಮೆ. ಮ್ಯಾನೇಜರ್ ಪಟ್ಟಿ ಓದಿ ಮುಗಿಸಿ, ಬೇರೆ ಏನಾದರೂ ಇದೆಯೇ ಎಂದ. ಅದು ಬರೀ ಶಾಸ್ತ್ರಕ್ಕೆ ಕೇಳುವ ಪ್ರಶ್ನೆ. ಇದೆ ಎಂದು ಅದುವರೆಗೆ ಯಾರೂ ಹೇಳಿರಲಿಲ್ಲ.

‘ಇದೆ’ ಎಂದೆ. ‘ನಾನೊಂದು ತಪ್ಪು ಮಾಡಿದ್ದೇನೆ.’

ಮ್ಯಾನೇಜರನ ಕೈ ಫೋನಿನ ದನಿ ಮುಚ್ಚುವ ಗುಂಡಿಯ ಮೇಲೆ ಹೋಯಿತು. ಒತ್ತಲಿಲ್ಲ. ಅದಕ್ಕಾಗಿ ಅವನಿಗೆ ಇಂದಿಗೂ ಋಣಿ. ಫೈಲಿನ ಸಂಖ್ಯೆ, ಕಲಮು, ಉಳಿದಿರುವ ದಿನ, ಹೋಗಿರುವ ಕಾಗದ, ಎಲ್ಲವನ್ನೂ ಬರೆದುಕೊಂಡು ಬಂದಿದ್ದೆ. ಒಂದೊಂದಾಗಿ ಓದಿ ಮುಗಿಸಿದೆ.

‘ವಿಧವೆ ತಾಯಿ ನಿಮಗೆ ಎಲ್ಲಿ ಸಿಕ್ಕಳು?’ ಎಂದಳು ಮೇಲ್ವಿಚಾರಕಿ.

‘ನನ್ನ ದೇಶದ ಕಾನೂನಿನಲ್ಲಿ.’

‘ಒಳ್ಳೆಯ ಕಾನೂನು. ನಮ್ಮದಲ್ಲ’ ಎಂದಳು. ‘ಅರ್ಜಿಯನ್ನು ಇವತ್ತೇ ಕಳಿಸುತ್ತೇನೆ. ಆಕೆಗೆ ಫೋನನ್ನೂ ಮಾಡುತ್ತೇನೆ. ಉಳಿದದ್ದನ್ನು ನಿಮ್ಮ ಮೇಲಿನವರ ಜೊತೆ ಮಾತಾಡುತ್ತೇವೆ.’

ಮಾತಾಡಿದರು. ಸೈನ್-ಆಫ್ ಒಂದೂವರೆ ತಿಂಗಳು ಮುಂದಕ್ಕೆ ಹೋಯಿತು. ಯಾರನ್ನೂ ಬೆಂಚಿಗೆ ಕೂರಿಸಲಿಲ್ಲ, ಆದರೆ ಆ ದೀಪಾವಳಿಯ ರಜೆಯನ್ನು ಇಡೀ ತಂಡ ಕಳೆದುಕೊಂಡಿತು. ನನ್ನನ್ನು ಫೋನ್ ಸಭೆಯಿಂದ ಬಿಡಿಸಿದರು. ‘ಇದ್ದ ಹಾಗೆ’ ಎಂದು ಹಾಕಿದ್ದ ಪ್ರತಿಯೊಂದು ಸಾಲನ್ನೂ ಒಬ್ಬಳೇ ಕೂತು ಮತ್ತೆ ನೋಡಬೇಕೆಂದು ಅಪ್ಪಣೆಯಾಯಿತು. ಇನ್ನೂರಕ್ಕೂ ಮೇಲೆ ಇದ್ದವು. ನನ್ನ ಮೇಜನ್ನು ಕಿಟಕಿಯ ಕಡೆಗೆ ಸರಿಸಿದರು, ಸೇಲಂ ಹುಡುಗಿಯನ್ನು ಬೇರೆ ಸಾಲಿನ ಮೇಜಿಗೆ ಹಾಕಿದರು. ಅವಳು ಊರಿಗೆ ಹೋಗಲಾಗದ ಸಿಟ್ಟಿನಲ್ಲಿದ್ದಳು. ಎದುರಾದರೆ ‘ಮೇಡಂ’ ಎಂದು ತಲೆ ತಗ್ಗಿಸಿ ಹೋಗುತ್ತಿದ್ದಳು. ತಪ್ಪು ಮಾಡಿದ್ದಕ್ಕಿಂತ ಅದನ್ನು ಹೇಳಿದ್ದಕ್ಕೆ ಜನ ದೂರವಾದರು ಎಂದು ನನಗೆ ಆಗ ಕೋಪವಿತ್ತು. ಈಗ ಇಲ್ಲ. ರಜೆ ಹೋದದ್ದು ಅವರದು, ನನಗೆ ಹೋಗಲು ಊರೇ ಇರಲಿಲ್ಲ.

ಅರ್ಜಿ ಗಡುವಿಗೆ ನಾಲ್ಕು ದಿನ ಇರುವಾಗ ತುಂಬಿ ವಾಪಸು ಬಂತೆಂದು ಮ್ಯಾನೇಜರನೇ ಬಂದು ತಿಳಿಸಿದ. ನಿಂತೇ ಹೇಳಿದ, ಹೋದ. ಅಂದು ಬಹಳ ದಿನದ ಮೇಲೆ ಹೊಟ್ಟೆ ತುಂಬ ಉಂಡೆ.

ತಿಂಗಳಾದ ಮೇಲೆ ಕೊನೆಯ ಕೆಲಸ ಬಂತು. ತಾಯಿಯ ಸಾಲು ಹೊಸದಾಗಿ ಬರೆಯಬೇಕಿತ್ತು: ಯಾವುದನ್ನು ಆಧಾರವೆಂದು ಎಣಿಸಬೇಕು, ಯಾವುದನ್ನು ಎಣಿಸಬಾರದು. ಉದಾಹರಣೆಗೆಂದು ಮೇಲ್ವಿಚಾರಕಿ ಆ ಹೆಂಗಸಿನ ಅರ್ಜಿಯನ್ನೇ, ಹೆಸರು ಅಳಿಸಿ, ತನ್ನ ಗುರುತುಗಳ ಸಮೇತ ಕಳಿಸಿದ್ದಳು. ಕೈಬರಹ ದೊಡ್ಡದು, ಸಾಲು ಬಲಕ್ಕೆ ಇಳಿಯುತ್ತಿತ್ತು. ಬಾಡಿಗೆಯ ಅರ್ಧ ಮಗ ಕೊಡುತ್ತಿದ್ದ, ಚೆಕ್ಕಿನ ಪ್ರತಿ ಇದೆ. ಮೇಲ್ವಿಚಾರಕಿಯ ಗುರುತು: ಎಣಿಸಬೇಕು. ಚಳಿಗಾಲದಲ್ಲಿ ಮನೆ ಬೆಚ್ಚಗಿಡುವ ಎಣ್ಣೆ ತುಂಬಿಸುತ್ತಿದ್ದ, ರಸೀತಿ ಇದೆ: ಎಣಿಸಬೇಕು. ಕೆಳಗೆ, ಮೃತರು ಬೇರೆ ಯಾವ ರೀತಿಯಲ್ಲಾದರೂ ನಿಮಗೆ ಆಧಾರವಾಗಿದ್ದರೇ ಎಂಬ ಪ್ರಶ್ನೆ. ಅದಕ್ಕೆ ಅವಳು ಬರೆದಿದ್ದಳು: ‘ದಿನಾ ಸಂಜೆ ಆರಕ್ಕೆ ಫೋನ್ ಮಾಡುತ್ತಿದ್ದ. ಒಂದು ದಿನವೂ ತಪ್ಪಿಸಿಲ್ಲ. ಇದಕ್ಕೆ ನನ್ನ ಬಳಿ ಕಾಗದವಿಲ್ಲ.’ ಅದರ ಮುಂದೆ ಒರಟು ಗಂಟಲಿನವಳು ನೇರವಾಗಿ ಒಂದು ಗೆರೆ ಎಳೆದಿದ್ದಳು: ಎಣಿಸಬಾರದು.

ಆಕೆಗೆ ಪರಿಹಾರ ಸಿಕ್ಕಿತು. ಪೂರ್ಣ ಅವಲಂಬಿತೆ ಎಂದಲ್ಲ, ಭಾಗಶಃ. ಬಾಡಿಗೆ ಮತ್ತು ಎಣ್ಣೆಯ ಮಟ್ಟಿಗೆ.

ನಾನು ಆ ಅರ್ಜಿಯನ್ನು ನೋಡುತ್ತ ಬಹಳ ಹೊತ್ತು ಕೂತಿದ್ದೆ. ಚೆನ್ನೈನಲ್ಲಿ ನನಗೆ ಫೋನ್ ಮಾಡುವವರು ಯಾರೂ ಇರಲಿಲ್ಲ. ಅಮ್ಮ ಇದ್ದಷ್ಟು ದಿನ ಕಚೇರಿಯಿಂದ ತಡವಾದರೆ ಗೇಟಿನ ಹತ್ತಿರ ನಿಂತಿರುತ್ತಿದ್ದಳು. ಅದಕ್ಕೂ ಕಾಗದವಿಲ್ಲ. ಆಮೇಲೆ ಹೊಸ ಸಾಲು ತೆರೆದು ಟೈಪು ಮಾಡಿದೆ. ಷರತ್ತು: ಮೃತರು ತಾಯಿಗೆ ದಿನವೂ ಫೋನ್ ಮಾಡುತ್ತಿದ್ದರು. ಫಲಿತ: ಆಧಾರವೆಂದು ಎಣಿಸಬಾರದು. ಕಲಮಿನ ಸಂಖ್ಯೆ ಹಾಕುವ ಮುನ್ನ ಈ ಸಲ ತಂಗಿಯ ಪುಸ್ತಕ ತೆಗೆದು ಓದಿದೆ. ಇನ್ನೊಮ್ಮೆ ಓದಿದೆ. ನಾನೇ ತಪ್ಪು ಓದಿರಲಿ ಎಂದು ಆಸೆಪಟ್ಟು ಮೂರನೇ ಸಲವೂ ಓದಿದೆ. ಕಾನೂನು ಹಾಗೆಯೇ ಇತ್ತು. ಸಾಲಿನ ಕೊನೆಗೆ ಮೊದಲಕ್ಷರದ ಸಹಿ ಹಾಕಿದೆ.